ಚುಸೊಕ್‌ಗೆ ಮೊದಲು ಹೊರಡಬೇಕು

ಜುಲೈ ೬

ಅರ್ಜಿಯ ಮೂರನೆಯ ಪುಟದಲ್ಲಿ ಸಿಕ್ಕಿಕೊಂಡೆ. ವೈವಾಹಿಕ ಸ್ಥಿತಿ ಎಂಬಲ್ಲಿ 'ವಿಧವೆ' ಎಂದು ಗುರುತು ಹಾಕಿದ ಮೇಲೂ ಅದರ ಕೆಳಗಿನ ಖಾನೆ ಹೋಗುವುದಿಲ್ಲ: ಸಂಗಾತಿಯ ಪೂರ್ಣ ಹೆಸರು. ಖಾಲಿ ಬಿಟ್ಟರೆ ಕೆಂಪಗಾಗುತ್ತದೆ, ಮುಂದಿನ ಪುಟಕ್ಕೆ ಬಿಡುವುದಿಲ್ಲ. ಬಹಳ ಹೊತ್ತು ಅದರ ಜೊತೆ ಜಗಳವಾಡಿ ಕೊನೆಗೆ ಒಂದು ಚುಕ್ಕೆ ಒತ್ತಿದೆ. ಒಪ್ಪಿಕೊಂಡಿತು. ಯಂತ್ರಕ್ಕೆ ಬೇಕಾಗಿದ್ದದ್ದು ಹೆಸರಲ್ಲ, ಏನಾದರೊಂದು.

ಪೋರ್ಚುಗಲ್. ಅದರ ಉತ್ತರಕ್ಕೆ, ನದಿಯೊಂದು ಸಮುದ್ರ ಸೇರುವಲ್ಲಿ ವಿಯಾನಾ ಎಂಬ ಊರು. ಕೆಲಸ ಇಲ್ಲಿಯದು, ಸಂಬಳ ಇಲ್ಲಿಯದು, ಇರುವುದು ಮಾತ್ರ ಅಲ್ಲಿ. ಅಂಥವರಿಗೆಂದೇ ಒಂದು ವೀಸಾ ಇದೆ. ಸೆಪ್ಟೆಂಬರ್ ಇಪ್ಪತ್ತೈದಕ್ಕೆ ಚುಸೊಕ್, ನಮ್ಮ ಸುಗ್ಗಿಯ ಹಬ್ಬ. ಅದಕ್ಕೆ ಮೊದಲು ಹೊರಟುಬಿಡಬೇಕು. ಆಮೇಲೆ ಸಿಗುವ ವೀಸಾ ನನಗೆ ಬೇಕಾಗಿಲ್ಲ.

ಈ ಮನೆಯ ಹಿರಿಯ ಸೊಸೆ ನಾನು. ಹಬ್ಬದ ಬೆಳಿಗ್ಗೆ ಹಿರಿಯರಿಗೆ ಎಡೆ ಇಡುವುದು ಹಿರಿಯ ಮಗನ ಮನೆಯಲ್ಲಿ, ಅಂದರೆ ಇಲ್ಲಿ. ಎಡೆಯ ಮರದ ತಟ್ಟೆಗಳು, ಮಡಿಸುವ ಪರದೆ, ಧೂಪದ ಬಟ್ಟಲು ಎಲ್ಲವೂ ನನ್ನ ಬಾಲ್ಕನಿಯ ಕಪಾಟಿನಲ್ಲಿವೆ. ದಿನಗಟ್ಟಲೆ ಕಾವಲಿಯ ಮುಂದೆ ಕೂರುವುದು ನನಗೆ ಸಾಕಾಗಿದೆ. ಕಾರಣ ಅಷ್ಟೇ. ಇಲ್ಲಿ ಧೂಪ ಹಚ್ಚುವ ಹೊತ್ತಿಗೆ ವಿಯಾನಾದಲ್ಲಿ ಮಧ್ಯರಾತ್ರಿ. ನಾನು ನಿದ್ದೆಯಲ್ಲಿರುತ್ತೇನೆ.

ಸಾಕಾಗಿದೆ ಎಂದು ಮನೆಯವರಿಗೆ ಹೇಳಲು ಬರುವುದಿಲ್ಲ. ಕಂಪನಿ ಕಳಿಸುತ್ತಿದೆ ಎಂದು ಹೇಳಿದ್ದೇನೆ. ಯಾರೂ ಮರುಮಾತಾಡಲಿಲ್ಲ. ಕಂಪನಿ ಹೇಳಿದ್ದನ್ನು ನಮ್ಮಲ್ಲಿ ಮಳೆ ಬಂದ ಹಾಗೆ ತೆಗೆದುಕೊಳ್ಳುತ್ತಾರೆ.

ಜುಲೈ ೯

ಅತ್ತೆ ಈಗ ದಿನಾ ಮಧ್ಯಾಹ್ನ ಬರುತ್ತಾರೆ. ಅವರಿರುವುದು ಮೈದುನ ಜುನ್‌ತೇಯ ಮನೆಯಲ್ಲಿ, ಇದೇ ಆವರಣದಲ್ಲಿ ಎರಡು ಕಟ್ಟಡ ಆಚೆ. ಅವನೂ ಅವನ ಹೆಂಡತಿ ಮಿರ್ಯೊಂಗಳೂ ಹಗಲೆಲ್ಲ ತಮ್ಮ ಡ್ರೈಕ್ಲೀನಿಂಗ್ ಅಂಗಡಿಯಲ್ಲಿರುತ್ತಾರೆ. ಮನೆ ಬಿಕೋ ಎನ್ನುತ್ತದೆ ಎಂದು ಅತ್ತೆ ಇಲ್ಲಿಗೆ ಬರುತ್ತಾರೆ. ನನ್ನ ಮನೆ ಬಿಕೋ ಎನ್ನುವುದಿಲ್ಲ ಎಂದು ಯಾರು ಹೇಳಿದರೋ.

ಅವರ ಕಣ್ಣಿನ ನಡುಭಾಗ ಹೋಗಿದೆ. ಅಂಚಿನಲ್ಲಿ ಮಾತ್ರ ಕಾಣುತ್ತದೆ. ಎದುರಿಗಿರುವುದನ್ನು ನೋಡಬೇಕಾದರೆ ಮುಖವನ್ನು ಆಚೆ ತಿರುಗಿಸುತ್ತಾರೆ, ಮುನಿಸಿಕೊಂಡವರ ಹಾಗೆ.

ಅವರು ಟಿವಿ ಹಾಕಿಕೊಂಡು ಕೂರುತ್ತಾರೆ, ನಾನು ಊಟದ ಮೇಜಿನ ಮೇಲೆ ಕೆಲಸಕ್ಕೆ ಕೂರುತ್ತೇನೆ. ಕಣ್ಣು ಕಾಣದವರಿಗೆ ಸಿನಿಮಾ ಹೇಳುವುದು ನನ್ನ ಕೆಲಸ. ಒಬ್ಬರ ಮಾತು ಮುಗಿದು ಇನ್ನೊಬ್ಬರದು ಶುರುವಾಗುವ ಬಿಡುವಿನಲ್ಲಿ, ತೆರೆಯ ಮೇಲೆ ಏನಾಗುತ್ತಿದೆ ಎಂದು ಒಂದು ಸಾಲು ಬರೆಯುತ್ತೇನೆ. ಬೇರೆ ಯಾರೋ ಅದನ್ನು ಓದಿ ಧ್ವನಿ ಸೇರಿಸುತ್ತಾರೆ. ನಿಯಮ ಒಂದೇ: ಕಂಡದ್ದನ್ನು ಹೇಳು, ಅನ್ನಿಸಿದ್ದನ್ನು ಬಿಡು. 'ಅವಳು ದುಃಖದಿಂದ ಕೂತಳು' ಎಂದು ಬರೆಯುವ ಹಾಗಿಲ್ಲ. 'ಅವಳು ಲೋಟ ಕೆಳಗಿಟ್ಟಳು' ಎಂದರೆ ಸರಿ.

"ಈಗ ಯಾರು ಬಂದಿದ್ದು?" ಎಂದರು ಅತ್ತೆ, ಟಿವಿಯ ಪಕ್ಕದ ಗೋಡೆಯನ್ನು ನೋಡುತ್ತ.

"ಯಾರೋ ಹೆಂಗಸು."

"ಯಾವ ಹೆಂಗಸು?"

"ನಾನು ನೋಡ್ತಿಲ್ಲ ಅತ್ತೆ. ಕೆಲಸ ಇದೆ."

ಹೆಡ್‌ಫೋನ್ ಏರಿಸಿಕೊಂಡು ನನ್ನ ಸಿನಿಮಾಕ್ಕೆ ಬರೆದೆ: ಬಾಗಿಲು ತೆರೆಯುತ್ತದೆ. ಕಂದು ಕೋಟಿನ ಹೆಂಗಸು ಹೊಸ್ತಿಲಲ್ಲೇ ನಿಲ್ಲುತ್ತಾಳೆ.

ಜುಲೈ ೨೧

ಪೊಲೀಸ್ ದಾಖಲೆ ಸಿಕ್ಕಿತು: ನಾನು ಯಾವ ಅಪರಾಧವನ್ನೂ ಮಾಡಿಲ್ಲ. ಅದನ್ನು ಇಂಗ್ಲಿಷಿಗೆ ತಿರುಗಿಸಬೇಕು, ತಿರುಗಿಸಿದ್ದು ಸರಿಯಾಗಿದೆ ಎಂದು ವಕೀಲರು ಹೇಳಬೇಕು, ಆ ವಕೀಲರು ವಕೀಲರೇ ಎಂದು ವಿದೇಶಾಂಗದವರು ಮುದ್ರೆ ಒತ್ತಬೇಕು. ಮುದ್ರೆ ಒತ್ತಿಸಿಕೊಂಡು ಬಂದ ಮೇಲೆ ಗೊತ್ತಾಯಿತು, ಮೂಲ ಕಾಗದಕ್ಕೆ ಮೊದಲು ಮುದ್ರೆ, ಅನುವಾದಕ್ಕೆ ಆಮೇಲೆ. ಕ್ರಮ ತಪ್ಪಿದೆ. ಮತ್ತೆ ಮೊದಲಿಂದ.

ವಿಯಾನಾದ ಮನೆಯೊಡತಿ ಬಾಡಿಗೆ ಕರಾರು ಕಳಿಸಲು ನನ್ನ ವೀಸಾ ಕೇಳುತ್ತಾಳೆ. ವೀಸಾದವರು ಬಾಡಿಗೆ ಕರಾರು ಕೇಳುತ್ತಾರೆ. ಇಬ್ಬರೂ ಬಹಳ ವಿನಯದಿಂದ ಕೇಳುತ್ತಾರೆ.

ವಿವಾಹ ಸಂಬಂಧದ ಪ್ರಮಾಣಪತ್ರವನ್ನೂ ತೆಗೆಸಿದೆ. ವಾರ್ಡ್ ಕಚೇರಿಯ ಯಂತ್ರದಲ್ಲಿ ಹೆಬ್ಬೆರಳು ಒತ್ತಿದರೆ ಬಂದುಬಿಡುತ್ತದೆ. ಎರಡು ಹೆಸರು. ಒಂದರ ಪಕ್ಕ 'ಮರಣ' ಎಂದು, ಈ ವರ್ಷದ ಜನವರಿ ೧೭. ಬರೆಹವಿರುವ ಬದಿ ಒಳಗೆ ಬರುವಂತೆ ಮಡಿಸಿ ಫೈಲಿಗೆ ಸೇರಿಸಿದೆ.

ಜುಲೈ ೨೪

ಫೋಟೊ ತಿರಸ್ಕೃತ. 'ತಿದ್ದಿದ ಚಿತ್ರ' ಎಂದು ಬಂದಿದೆ. ನಾನು ತಿದ್ದಿಸಲಿಲ್ಲ. ನಮ್ಮಲ್ಲಿ ಯಾವ ಸ್ಟುಡಿಯೋಕ್ಕೆ ಹೋದರೂ ಕೇಳದೆಯೇ ತಿದ್ದುತ್ತಾರೆ. ದವಡೆ ಸ್ವಲ್ಪ ಒಳಕ್ಕೆ, ಕಣ್ಣಿನ ಕೆಳಗಿನ ಕಪ್ಪು ಮಾಯ, ಚರ್ಮ ತೊಳೆದ ಮೊಟ್ಟೆಯ ಹಾಗೆ. ಅದು ಮರ್ಯಾದೆಯ ಭಾಗ. ಅಂಗಡಿಯವನ ಬಳಿ ಹೋಗಿ ಸುಕ್ಕುಗಳನ್ನು ವಾಪಸ್ ಹಾಕಿಕೊಡಿ ಎಂದೆ.

ಅವನಿಗೆ ನೋವಾಯಿತು. "ತೆಗೀರಿ ಅಂತ ಎಲ್ರೂ ಕೇಳ್ತಾರಮ್ಮ. ಹಾಕಿ ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ," ಎಂದ. ಆದರೂ ಒಂದೊಂದಾಗಿ ಹಾಕಿದ. ಕೊನೆಗೆ ಪರದೆಯನ್ನು ನನ್ನ ಕಡೆ ತಿರುಗಿಸಿ, ಇಷ್ಟು ಸಾಕಾ ಎಂದು ಕೇಳಿದ. ಈ ವರ್ಷದ ಮುಖ. ನನ್ನ ಮನೆಯ ಕನ್ನಡಿಯಲ್ಲೂ ನೋಡಿರಲಿಲ್ಲ.

ಆಗಸ್ಟ್ ೩

ಕಂಪನಿಯ ಪತ್ರ ಇನ್ನೂ ಬಂದಿಲ್ಲ. ನಾನು ಅಲ್ಲಿಂದಲೇ ಕೆಲಸ ಮಾಡಲು ಅವರ ಒಪ್ಪಿಗೆಯಿದೆ ಎಂಬ ಪತ್ರ. ನಮ್ಮ ಸಂಸ್ಥೆ ನಡೆಸುವವರು ಟಾಕ್ ಸಾಂಗ್‌ಹೊ, ಹಿಂದೆ ರೇಡಿಯೋದಲ್ಲಿ ಶಬ್ದ ಜೋಡಿಸುತ್ತಿದ್ದವರು. ಒಳ್ಳೆಯ ಮನುಷ್ಯ. ಅದೇ ತೊಂದರೆ. ಫೋನಿನಲ್ಲಿ, "ನಿಮ್ಮ ಪತ್ರ ನನ್ನ ಮನಸ್ಸಲ್ಲಿ ಬರೆದಾಗಿದೆ ಲೇಖಕರೇ, ಟೈಪ್ ಆಗೋದು ಮಾತ್ರ ಬಾಕಿ," ಎನ್ನುತ್ತಾರೆ. ಹೀಗೆಯೇ ಎರಡು ವಾರ. ಕೊನೆಗೆ, ನೀವು ರಾಜಧಾನಿ ಸೋಲ್‌ವರೆಗೆ ಅಲೆಯುವುದು ಬೇಡ, ಪತ್ರವನ್ನು ನಾನೇ ಕೊರಿಯರ್‌ನಲ್ಲಿ ವೀಸಾ ಕೇಂದ್ರಕ್ಕೆ ಕಳಿಸುತ್ತೇನೆ ಎಂದರು. ಒಪ್ಪಿದೆ.

ಸಂಜೆ ಜುನ್‌ತೇ ಅತ್ತೆಯನ್ನು ಕರೆದುಕೊಂಡು ಹೋಗಲು ಬಂದ. ಶೂ ಬಿಚ್ಚದೆ ಬಾಗಿಲಲ್ಲೇ ನಿಂತು ಯಾವಾಗ ಹೊರಡುವುದು ಎಂದು ಕೇಳಿದ. ಸೆಪ್ಟೆಂಬರ್ ಹತ್ತು ಎಂದೆ. ಅವನು ಬೆರಳು ಮಡಿಸಿ ಲೆಕ್ಕ ಹಾಕಿದ.

"ಅಲ್ಲ ಅತ್ತಿಗೆ, ಆ ಕಂಪನಿಯೋರ ಮನೇಲಿ ಹಬ್ಬ ಇರಲ್ವಾ? ಹದಿನೈದು ದಿನ ತಡ ಆದ್ರೆ ಪೋರ್ಚುಗಲ್ ಮುಳುಗೋಗತ್ತಾ?"

ಅವರು ಹೇಳಿದ ಮೇಲೆ ಏನು ಮಾಡುವುದು ಎಂದೆ.

"ನಾನೊಂದು ಮಾತು ಕೇಳ್ಲಾ?"

"ಬೇಡಪ್ಪ."

"ಅಣ್ಣಂದು ಮೊದಲನೇ ಎಡೆ, ಅತ್ತಿಗೆ."

ಫೆಬ್ರವರಿಯಲ್ಲಿ ಬಂದ ಚಾಂದ್ರಮಾನ ಹೊಸವರ್ಷದ ಎಡೆಯನ್ನು ಸೂತಕವೆಂದು ಬಿಟ್ಟಿದ್ದರು. ಈ ಸಲ ಸತ್ತವರ ಪರವಾಗಿ ಎಡೆಯಾಚೆ ನಿಲ್ಲಿಸುವ ಕಾಗದ ಎರಡಲ್ಲ, ಮೂರು. ಸೀಯುವ ವಾಸನೆ ಬರುತ್ತಿದೆ, ಒಲೆ ಮೇಲೆ ಸಾರಿದೆ ಎಂದು ಹೇಳಿ ಒಳಗೆ ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ.

ಆಗಸ್ಟ್ ೧೦

ಸೋಲ್. ವೀಸಾ ಕೇಂದ್ರ. ನನ್ನ ಪಕ್ಕ ಇಬ್ಬರು ಹುಡುಗರು ಅಲೆ ಸವಾರಿಯ ಹಲಗೆಯನ್ನು ವಿಮಾನದಲ್ಲಿ ಹೇಗೆ ಒಯ್ಯುವುದು ಎಂದು ಮಾತಾಡುತ್ತಿದ್ದರು. ಅವರಿಗೆ ಹೋಗುವುದಷ್ಟೇ ಇದೆ, ಬಿಟ್ಟುಹೋಗುವುದು ಇಲ್ಲ.

ಕಿಟಕಿಯ ಹಿಂದಿನ ಹುಡುಗಿ ಎಲ್ಲ ಕಾಗದವನ್ನೂ ತಿರುವಿದಳು. ವಿಯಾನಾವನ್ನೇ ಯಾಕೆ ಆರಿಸಿದಿರಿ ಎಂದು ಕೇಳಿದಳು. ನಿಶ್ಶಬ್ದ ಎಂದೆ. ಬರೆದುಕೊಂಡಳು. ಮೂರನೆಯ ಪುಟದಲ್ಲಿ ಬೆರಳು ನಿಲ್ಲಿಸಿದಳು.

"ಇಲ್ಲೊಂದು ಚುಕ್ಕೆ ಇದೆ, ಮೇಡಂ."

"ಯಾರೂ ಇಲ್ಲ."

"ಪ್ರಮಾಣಪತ್ರದಲ್ಲಿ ಹೆಸರಿದೆಯಲ್ಲ."

"ಅಲ್ಲಿದೆಯಲ್ಲ, ಅಲ್ಲೇ ನೋಡ್ಕೊಳ್ಳಿ."

ಹೀಗೇ ಬಿಡಬಹುದು, ಆದರೆ ವಾಪಸ್ ಬಂದರೂ ಬರಬಹುದು ಎಂದಳು. ಪೆನ್ನು ಮುಂದಕ್ಕೆ ತಳ್ಳಿದಳು. ಗೀಚಿ ನೋಡಿದೆ. ಇಂಕು ಸರಿಯಿರಲಿಲ್ಲ. ವಾಪಸ್ ಕೊಟ್ಟೆ.

ಕಂಪನಿಯ ಪತ್ರ ಆಗಲೇ ತಲುಪಿತ್ತು. ಲಕೋಟೆಯ ಮೇಲೆ ಟಾಕ್ ಅವರ ಕೈಬರಹ ಕಂಡಿತು. ಅಂತೂ.

ಆಗಸ್ಟ್ ೧೯

ಸೆಕೆ. ಏನೂ ಬಂದಿಲ್ಲ.

ಆಗಸ್ಟ್ ೨೭

ಪರಿಶೀಲನೆಯಲ್ಲಿದೆ ಎಂದಷ್ಟೇ ತೋರಿಸುತ್ತದೆ. ದಿನಕ್ಕೆ ಹತ್ತು ಸಲ ನೋಡುತ್ತೇನೆ. ಪದ ಬದಲಾಗುವುದಿಲ್ಲ. ಫೋನ್ ಮಾಡಿದರೆ ಒಂದು ಹೆಣ್ಣು ದನಿ, ದಯವಿಟ್ಟು ತಾಳ್ಮೆಯಿಂದಿರಿ ಎಂದು ಮೂರು ಭಾಷೆಯಲ್ಲಿ ಹೇಳಿ ಇಟ್ಟುಬಿಡುತ್ತದೆ.

ಟಿವಿಯಲ್ಲಿ ಏನಾಗುತ್ತಿದೆ ಎಂದು ಅತ್ತೆ ಒಂದೇ ಸಮನೆ ಕೇಳುತ್ತಲೇ ಇರುತ್ತಾರೆ. ಉತ್ತರ ಕೊಡದಿದ್ದರೆ ಇನ್ನೂ ನಾಲ್ಕು ಪ್ರಶ್ನೆ. ಆದ್ದರಿಂದ ಈಗೀಗ ಒಂದು ಸಾಲು ಹೇಳಿಬಿಡುತ್ತೇನೆ, ಕೆಲಸ ಬೇಗ ಮುಗಿಯುತ್ತದೆ: "ಸೊಸೆ ಬಂದಳು. ಕೈಯಲ್ಲಿ ಔಷಧಿ ಚೀಲ. ಮಾವ ನೋಡಲಿಲ್ಲ." ಅವರು ಹೂಂ ಎನ್ನುತ್ತಾರೆ. "ಸೊಸೆ ಮುಖ ಹೆಂಗಿದೆ?" ಎಂದರು ಇವತ್ತು. ಹುಬ್ಬು ಮೇಲಿದೆ, ತುಟಿ ಮುಚ್ಚಿದೆ ಎಂದೆ. ಹಾಗಾದರೆ ಅವಳಿಗೆ ಗೊತ್ತಾಗಿದೆ ಎಂದರು. ಆರು ನಿಮಿಷದ ನಂತರ ಅದೇ ನಿಜವಾಯಿತು.

ಜಾಹೀರಾತು ಬಂದಾಗ ಕೇಳಿದರು. "ಇಲ್ಲಿ ಎಡೆ ಇಡೋ ಹೊತ್ತಿಗೆ ಅಲ್ಲಿ ಎಷ್ಟು ಗಂಟೆ?"

"ಮಧ್ಯರಾತ್ರಿ."

"ಮಲಗಿರ್ತೀಯ ಹಾಗಾದ್ರೆ."

"ಹೂಂ."

"ಒಳ್ಳೇದು," ಎಂದರು. "ನಾನೂ ಎಲ್ಲಾದ್ರೂ ಮಲಗಿಬಿಡೋ ಹಾಗಿದ್ದಿದ್ರೆ."

ಜಾಹೀರಾತು ಮುಗಿಯಿತು. ನೂಡಲ್ಸಿನದು. ಕೆಂಪು ಬಟ್ಟಲು, ಹಬೆ.

ಸೆಪ್ಟೆಂಬರ್ ೨

ವಾಪಸ್.

ಎರಡು ಕಾರಣ ಕೊಟ್ಟಿದ್ದಾರೆ. ಒಂದು: ಹೊರಡುವುದು ಸೆಪ್ಟೆಂಬರ್ ಹತ್ತು ಎಂದು ನನ್ನ ಅರ್ಜಿ ಹೇಳುತ್ತದೆ, ಹೊರದೇಶದಿಂದ ಕೆಲಸ ಮಾಡಲು ಒಪ್ಪಿಗೆ ಅಕ್ಟೋಬರ್ ಒಂದರಿಂದ ಎಂದು ಕಂಪನಿಯ ಪತ್ರ ಹೇಳುತ್ತದೆ. ಇನ್ನೊಂದು ಚಿಲ್ಲರೆ ವಿಷಯ, ಯಾವುದೋ ಖಾನೆ ಭರ್ತಿಯಾಗಿಲ್ಲವಂತೆ.

ಅಕ್ಟೋಬರ್ ಒಂದು ಎಲ್ಲಿಂದ ಬಂತು? ಟಾಕ್ ಅವರಿಗೆ ಫೋನ್ ಮಾಡಿದೆ. ಅವರ ದನಿಯಲ್ಲಿ ಸಂತೋಷವಿತ್ತು.

"ನಿಮ್ಮ ಮೈದುನ ಬಂದಿದ್ರು ಲೇಖಕರೇ. ನಿಮಗೆ ಹೇಳ್ಬೇಡಿ ಅಂದ್ರು, ಅದಕ್ಕೆ ಹೇಳ್ಲಿಲ್ಲ."

ಜುನ್‌ತೇ ಅಂಗಡಿಯ ವ್ಯಾನಿನಲ್ಲಿ ಸೋಲ್‌ವರೆಗೆ ಹೋಗಿದ್ದಾನೆ. ಹಬ್ಬಕ್ಕೆ ಕೊಡುವಂಥ ಮರಸೇಬಿನ ಡಬ್ಬವೊಂದನ್ನು, ಬಟ್ಟೆಯಲ್ಲಿ ಗಂಟು ಕಟ್ಟಿ, ಎರಡು ಕೈಯಲ್ಲಿ ಕೊಟ್ಟಿದ್ದಾನೆ. ನಮ್ಮತ್ತಿಗೆಯನ್ನು ಕಳಿಸುವುದನ್ನು ಹಬ್ಬ ದಾಟುವವರೆಗೆ ಮುಂದಕ್ಕೆ ಹಾಕಿ, ಅಣ್ಣನ ಮೊದಲನೆಯ ಎಡೆ ಎಂದು ತಲೆ ತಗ್ಗಿಸಿ ಬೇಡಿಕೊಂಡಿದ್ದಾನೆ. ಟಾಕ್ ಅವರಿಗೆ ಮೊದಲು ಅರ್ಥವಾಗಿಲ್ಲ. ಕಂಪನಿ ನನ್ನನ್ನು ಎಲ್ಲಿಗೂ ಕಳಿಸುತ್ತಿಲ್ಲ. ಆಮೇಲೆ ಆಗಿದೆ. ಎದುರಿಗಿರುವವರ ಮನಸ್ಸನ್ನು ಕೇಳದೆಯೇ ಓದುವುದು ನಮ್ಮಲ್ಲಿ ದೊಡ್ಡ ಗುಣ, ಅವರಿಗೆ ಅದು ಧಾರಾಳವಾಗಿದೆ. ನನ್ನ ಸುಳ್ಳನ್ನು ಅವರು ಬಿಟ್ಟುಕೊಡಲಿಲ್ಲ. ಹೌದು ಹೌದು, ನಾವೇ ಕಳಿಸುತ್ತಿದ್ದೇವೆ, ಅಕ್ಟೋಬರ್ ಮಾಡೋಣ ಬಿಡಿ ಎಂದಿದ್ದಾರೆ. ಅಷ್ಟಕ್ಕೆ ನಿಲ್ಲಲಿಲ್ಲ. ನಿಜವಾಗಿ ಎಡೆಗೆ ಉಳಿಯುವ ಆಸೆ ನನಗೇ ಇದೆ, ಕೇಳಲು ಸಂಕೋಚ, ಅದಕ್ಕೇ ಮೈದುನನನ್ನು ಕಳಿಸಿದ್ದೇನೆ ಎಂದು ಓದಿಕೊಂಡಿದ್ದಾರೆ.

"ಎರಡೂ ಕಡೆ ಮರ್ಯಾದೆ ಉಳಿಯೋ ಹಾಗೆ ಮಾಡಿದೀನಿ," ಎಂದರು. "ಎಂಥಾ ಮನುಷ್ಯ ರೀ ನಿಮ್ಮ ಮೈದುನ. ನನ್ನ ಕೋಟಿನ ಮೇಲೆ ಸೋಯಾ ಕಲೆ ನೋಡಿ ಮೈಮೇಲಿಂದ ಬಿಚ್ಚಿಸ್ಕೊಂಡು ಹೋದ್ರು. ಮೂರೇ ದಿನಕ್ಕೆ ಹೊಸದರ ಥರ ಬಂತು."

ವಂದನೆ ಹೇಳಿ ಫೋನ್ ಇಟ್ಟೆ.

ಸೆಪ್ಟೆಂಬರ್ ೩

ಬೈಯಬೇಕಾದವರು ಇಬ್ಬರಿದ್ದಾರೆ. ಇಬ್ಬರನ್ನೂ ಬೈಯುವಂತಿಲ್ಲ. ಜುನ್‌ತೇಯನ್ನು ಬೈಯಬೇಕಾದರೆ ನಾನು ಸುಳ್ಳು ಹೇಳಿದೆ ಎನ್ನಬೇಕು. ಟಾಕ್ ಅವರನ್ನು ಬೈಯಬೇಕಾದರೆ ನನಗೆ ಉಳಿಯಲು ಇಷ್ಟವಿಲ್ಲ, ಯಾಕೆ ಇಷ್ಟವಿಲ್ಲ ಎನ್ನಬೇಕು.

ಕೇಂದ್ರದಲ್ಲಿ ಮತ್ತೆ ಸಲ್ಲಿಸಲು ಸಿಕ್ಕ ಮೊದಲ ದಿನ ಸೆಪ್ಟೆಂಬರ್ ಮೂವತ್ತು. ಹಬ್ಬದ ರಜೆಗೆ ಮುಂಚಿನದೆಲ್ಲ ತುಂಬಿಹೋಗಿದೆ.

ಕೆಳಗೆ ಕಸ ಹಾಕಲು ಹೋದಾಗ ಜುನ್‌ತೇ ಸಿಕ್ಕಿದ. ವ್ಯಾನಿನಿಂದ ಬಟ್ಟೆ ಇಳಿಸುತ್ತಿದ್ದ. ಮಣಿಕಟ್ಟಿನ ಮೇಲೆ ಇಸ್ತ್ರಿ ಸುಟ್ಟ ಹೊಸ ಗುರುತು. ಕಂಪನಿಯವರು ಅಕ್ಟೋಬರ್‌ಗೆ ಹಾಕಿದ್ದಾರಂತೆ ಎಂದು ನಾನೇ 'ಸುದ್ದಿ' ಹೇಳಿದೆ. ಅವನು ಆಶ್ಚರ್ಯಪಡುವ ನಟನೆ ಮಾಡಿದ. ಕೆಟ್ಟ ನಟನೆ. ನಗು ತಡೆಯಲಾಗದೆ ಮುಖವನ್ನು ಯಾರದೋ ರೇಷ್ಮೆಯ ಹಬ್ಬದುಡುಗೆ ಹನ್‌ಬೊಕ್‌ನ ಹಿಂದೆ ಅಡಗಿಸಿಕೊಂಡ. ಅಣ್ಣನ ಕಿವಿಯೇ ಇವನಿಗೂ. ಇದುವರೆಗೆ ಗಮನಿಸಿರಲಿಲ್ಲ.

ಸೆಪ್ಟೆಂಬರ್ ೧೨

ಹೊರಟು ಎರಡು ದಿನವಾಗಿರಬೇಕಿತ್ತು. ಬದಲಿಗೆ ಮಾರುಕಟ್ಟೆ. ಓರಗಿತ್ತಿ ಮಿರ್ಯೊಂಗ್ ಜೊತೆ ಒಣಮೀನು ಆರಿಸಿದೆ. ಅವಳು ಮೀನಿನ ಬಾಲ ಹಿಡಿದು ಮಾರುವವಳ ಮುಖದ ಮುಂದೆ ಅಲ್ಲಾಡಿಸಿ, "ಇದು ಹೋದ ವರ್ಷದ ಹಬ್ಬಕ್ಕೆ ಬಂದಿದ್ದು, ಮನೆಗೆ ಹೋಗೋದು ಮರೆತಿದೆ ಅಷ್ಟೇ," ಎಂದು ಎಲ್ಲರನ್ನೂ ನಗಿಸಿದಳು.

ವಾಪಸ್ ಬರುತ್ತ ಬಸ್ಸಿನಲ್ಲಿ, ಕಿಟಕಿಯ ಕಡೆ ನೋಡುತ್ತಲೇ ಕೇಳಿದಳು.

"ಕಂಪನಿ ಕಳಿಸ್ತಿಲ್ಲ ಅಲ್ವಾ ಅಕ್ಕ?"

ನಾನು ಮೀನಿನ ಚೀಲವನ್ನು ಕಾಲ ಬಳಿಗೆ ಎಳೆದುಕೊಂಡೆ.

"ಕಂಪನಿ ಕಳಿಸೋದಾದ್ರೆ ಕಾಗದಕ್ಕೆ ಕಂಪನಿ ಓಡಾಡತ್ತೆ. ನೀವು ಓಡಾಡ್ತಿದೀರ." ಸ್ವಲ್ಪ ಹೊತ್ತಾದ ಮೇಲೆ ಮತ್ತೆ: "ಹಬ್ಬದ ದಿನ ಇಲ್ಲಿರಬಾರದು ಅಂದ್ರೆ ಒಂದು ವಿಮಾನದ ಟಿಕೆಟ್ ಸಾಕಾಗಿತ್ತು. ಜೆಜು ದ್ವೀಪಕ್ಕೆ ಹೋಗಿ ಮೂರು ದಿನ ಮಲಗಿದ್ರೂ ಆಗ್ತಿತ್ತು. ನಿಮಗೆ ಠಸ್ಸೆ ಯಾಕೆ ಬೇಕಿತ್ತು?"

ಪ್ರವಾಸಿಯಾಗಿ ಹೋಗಿ ಕೆಲಸ ಮಾಡುವುದು ಕಾನೂನಿಗೆ ವಿರುದ್ಧ ಎಂದೆ. ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು, ಮೀನಿನ ವಾಸನೆಗೋ ಏನೋ.

ಇಳಿಯುವಾಗ, "ನಾನು ಹೇಳಲ್ಲ ಬಿಡಿ," ಎಂದಳು.

ಠಸ್ಸೆಯ ಪ್ರಶ್ನೆ ಮನೆಗೆ ಬಂದ ಮೇಲೂ ಹೋಗಲಿಲ್ಲ. ಯಾರಾದರೊಬ್ಬರು, ಯಾವುದಾದರೊಂದು ದೇಶ, ಹೋಗು ಎಂದು ಬರೆದುಕೊಡಲಿ ಎಂದು ಇತ್ತೇ? ಗೊತ್ತಿಲ್ಲ. ಇದು ಅನ್ನಿಸಿದ್ದು. ಹೊಡೆದುಹಾಕಬೇಕು.

ಸೆಪ್ಟೆಂಬರ್ ೨೪

ಬೆಳಿಗ್ಗೆಯಿಂದ ನೆಲಕ್ಕೆ ಪೇಪರ್ ಹಾಸಿ ಕಾವಲಿ. ಮೀನು, ಸೀಗುಂಬಳ, ಅಣಬೆ. ಹಿಟ್ಟು, ಮೊಟ್ಟೆ, ಎಣ್ಣೆ. ನಾನು ಅದ್ದುವುದು, ಮಿರ್ಯೊಂಗ್ ಮಗುಚುವುದು. ಸೊಂಟ ಹಿಡಿದುಹೋಯಿತು. ಇದರಿಂದಲೇ ತಪ್ಪಿಸಿಕೊಳ್ಳಲು ಹೊರಟಿದ್ದೆ. ಹಾಗೆಂದು ಮೊದಲ ಪುಟದಲ್ಲೇ ಬರೆದಿದ್ದೇನೆ.

ಅತ್ತೆ ಗೋಡೆಗೊರಗಿ ಅಕ್ಕಿಹಿಟ್ಟಿನ ಕಡುಬು ಕಟ್ಟುತ್ತಿದ್ದರು. ಅದಕ್ಕೆ ಕಣ್ಣು ಬೇಕಾಗಿಲ್ಲ. ಟಿವಿ ಓಡುತ್ತಿತ್ತು. ಕೈಯೆಲ್ಲ ಹಿಟ್ಟಾಗಿದ್ದರಿಂದ ಬಾಯಿ ಮಾತ್ರ ಖಾಲಿ, ಕಥೆ ಹೇಳಿದೆ. "ಆಸ್ಪತ್ರೆ. ಉದ್ದನೆ ಕಾರಿಡಾರ್. ಮಾವ ಗಾಲಿಕುರ್ಚಿಯಲ್ಲಿ. ಸೊಸೆ ಹಿಂದಿನಿಂದ ತಳ್ತಿದಾಳೆ, ಮುಂದೆ ನೋಡ್ತಿಲ್ಲ." ಒಂದು ಕಡೆ ಮಾತು ನಿಂತಾಗ ಮಿರ್ಯೊಂಗಳೇ, "ಆಮೇಲೆ?" ಎಂದಳು. ನಿನಗೆ ಕಣ್ಣು ಕಾಣುತ್ತಲ್ಲ ಎಂದೆ. ನಾನು ಕಾವಲಿ ನೋಡ್ತಿದೀನಿ, ನೀವು ಹೇಳಿ ಅಕ್ಕ ಎಂದಳು.

ಎಡೆಯ ತಟ್ಟೆಗಳನ್ನು ಒರೆಸಿದೆ. ಒಂದು ತಟ್ಟೆ ಹೆಚ್ಚಿಗೆ ತೆಗೆಯಬೇಕಾಯಿತು.

ಸೆಪ್ಟೆಂಬರ್ ೨೫

ಕಂಡದ್ದನ್ನು ಬರೆಯುತ್ತೇನೆ.

ಪರದೆಯ ಮುಂದೆ ಮೇಜು. ಹಣ್ಣಿನ ಸಾಲು, ಸೊಪ್ಪಿನ ಸಾಲು, ಸಾರಿನ ಸಾಲು, ಮೀನು ಮಾಂಸದ ಸಾಲು, ಎಲ್ಲಕ್ಕೂ ಆಚೆ ಅನ್ನ. ಅದರಾಚೆ ನಿಲ್ಲಿಸಿದ ಮೂರು ಕಾಗದಗಳು: ಜುನ್‌ತೇಯ ಅಜ್ಜ ಅಜ್ಜಿಯದು, ಅಪ್ಪನದು, ಹೊಸದು. ಜುನ್‌ತೇ ಕಪ್ಪು ಸೂಟಿನಲ್ಲಿ, ಗೆರೆ ಮುರಿಯದ ಇಸ್ತ್ರಿ. ಒಬ್ಬನೇ ಬಾಗುತ್ತಿದ್ದ. ಇಷ್ಟು ವರ್ಷ ಅಲ್ಲಿ ಎರಡು ಬೆನ್ನುಗಳಿರುತ್ತಿದ್ದವು.

ಹೆತ್ತವರು ಮಕ್ಕಳಿಗೆ ಬಾಗುವ ಪದ್ಧತಿಯಿಲ್ಲ. ಅತ್ತೆ ಅಡುಗೆಮನೆಯ ಹೊಸ್ತಿಲ ಬಳಿ, ನನ್ನ ಪಕ್ಕ, ಮಣೆಯ ಮೇಲೆ ಕೂತಿದ್ದರು. ಮುಖ ಕಿಟಕಿಯ ಕಡೆಗಿತ್ತು, ಅಂದರೆ ಎಡೆಯನ್ನು ನೋಡುತ್ತಿದ್ದರು.

"ಹೇಳು," ಎಂದರು ಮೆಲ್ಲಗೆ.

ಸಾಲುಸಾಲಾಗಿ ಹೇಳಿದೆ. ಖರ್ಜೂರದ ಬಣ್ಣದ ಬೋರೆಹಣ್ಣು, ಸುಲಿದ ಚೆಸ್ಟ್‌ನಟ್, ಮರಸೇಬು. ಮೀನಿನ ತಲೆ ಪೂರ್ವಕ್ಕೆ. ಧೂಪದ ಹೊಗೆ ನೆಟ್ಟಗೆ ಹೋಗಿ ಪರದೆಯ ಅರ್ಧದಲ್ಲಿ ಎಡಕ್ಕೆ ಬಾಗುತ್ತಿದೆ. ಅವರು ತಲೆಯಾಡಿಸುತ್ತ ಹೋದರು.

"ಮೂರನೇ ಕಾಗದ?"

"ಬಿಳಿ. ಅಂಗೈಗಿಂತ ಸ್ವಲ್ಪ ಉದ್ದ. ಮೇಲಿಂದ ಕೆಳಗೆ ಎಂಟು ಚೀನಿ ಅಕ್ಷರ. ಕೊನೇ ಅಕ್ಷರದಲ್ಲಿ ಮಸಿ ಸ್ವಲ್ಪ ಹರಡಿದೆ."

"ಏನಂತ ಇದೆ?"

ಸರ್ಕಾರದ ಹುದ್ದೆಯಲ್ಲಿ ಇರದೆ ಸತ್ತವರೆಲ್ಲ ಆ ಕಾಗದದಲ್ಲಿ ವಿದ್ಯಾರ್ಥಿಗಳು. ಬರೆಯುವವನಿಗೆ ಅವರು ಏನಾಗಬೇಕೋ ಅದು ಮೊದಲು.

"ಅಣ್ಣ, ವಿದ್ಯಾರ್ಥಿ, ಅಂತ," ಎಂದೆ.

"ಹೆಸರು?"

"ಹಿರಿಯರ ಹೆಸರು ಬರೆಯಲ್ಲವಲ್ಲ ಅತ್ತೆ."

"ಬರೆಯಲ್ಲ ಅಂತ ಗೊತ್ತು ನಂಗೆ. ನಿನಗಿಂತ ಮುಂಚಿನಿಂದ ಎಡೆ ಇಟ್ಟವಳು." ಮುಖ ಇನ್ನೂ ಕಿಟಕಿಯ ಕಡೆಗೇ. "ಅವನ ಅಣ್ಣ ಸರಿ. ನನಗೆ ಅಣ್ಣ ಅಲ್ಲ, ನಿನಗೂ ಅಲ್ಲ. ನೀನು ಹೇಳು."

ಜುನ್‌ತೇ ಹಣೆಯನ್ನು ನೆಲಕ್ಕೆ ಹಚ್ಚಿದ್ದವನು ಏಳಲಿಲ್ಲ. ಮಿರ್ಯೊಂಗ್ ನಲ್ಲಿ ನಿಲ್ಲಿಸಿದಳು.

ಕಾಣದ್ದನ್ನು ಹೇಳುವುದು ನಮ್ಮ ಕೆಲಸದ ನಿಯಮಕ್ಕೆ ವಿರುದ್ಧ. ಆ ಕಾಗದದಲ್ಲಿ ಹೆಸರು ಇರಲಿಲ್ಲ. ಹೇಳಿದೆ.

"ಇನ್ನೊಂದ್ಸಲ."

ಮಾ ಜುನ್‌ಗ್ಯು, ಎಂದೆ. ಎರಡನೆಯ ಸಲ ದನಿ ಸರಿಯಾಗಿ ಬಂತು.

ಅತ್ತೆ ಹೂಂ ಎಂದರು, ಧಾರಾವಾಹಿಗೆ ಅನ್ನುವ ಹಾಗೆಯೇ. ಜುನ್‌ತೇ ಎದ್ದ. ಅವನ ಸೂಟಿನ ಮೊಣಕಾಲಲ್ಲಿ ಎರಡು ಸುಕ್ಕು. ಆಮೇಲೆ ಬಾಲ್ಕನಿಯಲ್ಲಿ ಕಾಗದಗಳನ್ನು ಸುಟ್ಟ, ಒಂದೊಂದಾಗಿ, ನೀರಿನ ಬಟ್ಟಲ ಮೇಲೆ ಊಟದ ಕಡ್ಡಿಗಳಲ್ಲಿ ಹಿಡಿದು. ಮೂರನೆಯದಕ್ಕೆ ಬೆಂಕಿ ಹತ್ತಲು ಸ್ವಲ್ಪ ತಡವಾಯಿತು. ಗಾಳಿಯಿತ್ತು.

ಕಾವಲಿಯಲ್ಲಿ ಮಾಡಿದ್ದು ಬಹಳ ಉಳಿದಿದೆ. ನಾಳೆ ಸಾರಿಗೆ ಹಾಕಬೇಕು.

ಸೆಪ್ಟೆಂಬರ್ ೩೦

ಸೋಲ್. ಅದೇ ಹುಡುಗಿ, ಅದೇ ಪೆನ್ನು. ಇಂಕು ಚೆನ್ನಾಗಿಯೇ ಬರುತ್ತಿತ್ತು. ಮೂರನೆಯ ಪುಟದ ಖಾನೆಯಲ್ಲಿ ಬರೆದೆ. ಖಾನೆ ಸಾಕಷ್ಟು ಉದ್ದವಿತ್ತು, ಹೆಸರು ಚಿಕ್ಕದು.

ಒಂದು ದಿನಾಂಕಕ್ಕಾಗಿ ಇಷ್ಟು ಅಲೆಸಿದಿರಿ ಎಂದೆ. ಅವಳು ಕಂಪ್ಯೂಟರಿನಲ್ಲಿ ಏನೋ ನೋಡಿದಳು.

"ದಿನಾಂಕದ್ದು ಒಂದು ಇಮೇಲ್‌ನಲ್ಲಿ ಸರಿಹೋಗ್ತಿತ್ತು, ಮೇಡಂ. ಫೈಲ್ ವಾಪಸ್ ಬಂದಿದ್ದು ಈ ಖಾನೆಯಿಂದ."

ಟಾಕ್ ಅವರಿಗೆ ಇದನ್ನು ಹೇಳುವ ಅಗತ್ಯವಿಲ್ಲ. ಜುನ್‌ತೇಗೂ.

ನಿಲ್ದಾಣದಲ್ಲಿ ಅತ್ತೆಗೆ ಒಂದು ಜೊತೆ ಹೆಡ್‌ಫೋನ್ ಕೊಂಡೆ, ನನ್ನ ಕೆಲಸಕ್ಕೆ ಅವರ ಟಿವಿ ಸದ್ದು ಅಡ್ಡ ಬರುತ್ತದೆಂದು. ಆದರೆ ಅವರು ಅದನ್ನು ಹಾಕಿಕೊಂಡರೆ ನಾನು ಹೇಳುವುದು ಕೇಳಿಸುವುದಿಲ್ಲ ಎಂದು ರೈಲಿನಲ್ಲಿ ಹೊಳೆಯಿತು. ವಾಪಸ್ ಕೊಡಲು ಬರುತ್ತದೋ ವಿಚಾರಿಸಬೇಕು.

ನವೆಂಬರ್ ೧೮

ಪಾಸ್‌ಪೋರ್ಟ್ ಬಂತು. ವೀಸಾ ಹಸಿರು ಬಣ್ಣದ್ದು, ಸುಕ್ಕಿರುವ ಫೋಟೊ. ಇಷ್ಟೆಲ್ಲ ಆದ ಮೇಲೆ ಒಂದು ಅಂಟಿಸಿದ ಕಾಗದ. ಇದಕ್ಕಾಗಿ ನಾಲ್ಕು ತಿಂಗಳು ತಲೆ ಕೆಡಿಸಿಕೊಂಡೆನಲ್ಲ ಎಂದು ಸಿಟ್ಟು ಬಂತು.

ವಿಯಾನಾದ ಮನೆಯೊಡತಿ ನಾಳೆಯೇ ಬಂದರೂ ಸರಿ ಎಂದು ಬರೆದಿದ್ದಾಳೆ. ಚಳಿಗಾಲದಲ್ಲಿ ಅಲ್ಲಿ ಒಂದೇ ಸಮನೆ ಮಳೆಯಂತೆ. ಜನವರಿ ಹದಿನೇಳು ಕಳೆದ ಮೇಲೆ, ಕೊನೆಯ ವಾರಕ್ಕೆ ಟಿಕೆಟ್ ತೆಗೆದೆ. ಅಷ್ಟರವರೆಗೆ ಈ ವೀಸಾ ನಡೆಯುತ್ತದೆ.

ಅತ್ತೆ ಕೇಳಿದರು, ಯಾವಾಗ ಎಂದು.

"ಜನವರಿ ಕೊನೆಗೆ. ಆಗ ಟಿಕೆಟ್ ಅಗ್ಗ."

ಅವರು ಮುಖವನ್ನು ಪೂರ್ತಿ ಆಚೆ ತಿರುಗಿಸಿ ಬಹಳ ಹೊತ್ತು ನನ್ನನ್ನು ನೋಡಿದರು.

"ಸರಿ," ಎಂದರು. "ಅಷ್ಟರಲ್ಲಿ ಈ ಧಾರಾವಾಹಿನೂ ಮುಗಿದಿರತ್ತೆ."

ಮುಗಿಯುವುದಿಲ್ಲ. ಜನ ನೋಡುತ್ತಿದ್ದಾರೆಂದು ಮಾರ್ಚ್‌ವರೆಗೆ ಎಳೆಯುತ್ತಾರಂತೆ, ಟಾಕ್ ಹೇಳಿದರು. ಅದನ್ನು ಅತ್ತೆಗೆ ಹೇಳಲಿಲ್ಲ. ಟಿವಿಯಲ್ಲಿ ಯಾರೋ ಬಂದರು, ಅತ್ತೆ ಕೇಳುವ ಮೊದಲೇ ಯಾರೆಂದು ಹೇಳಿದೆ.